ಇಳಿಸಿದ ಸೂರು

ಒಂದು ಶೀಟೂ ಒಡೆಯಬಾರದು ಎಂದು ಮೇಸ್ತ್ರಿ ಮೊದಲ ದಿನವೇ ಹೇಳಿದ. ಮೇಲಿಂದ ಯಾರೂ ಬೀಳಬಾರದು ಎಂದು ಹೇಳಲಿಲ್ಲ. ನಾವೂ ಕೇಳಲಿಲ್ಲ. ಕೆಲಸ ಸಿಕ್ಕಿತ್ತು, ಅಷ್ಟೇ ಸಾಕಾಗಿತ್ತು.

ಅದು ದೊಡ್ಡವರ ಮಕ್ಕಳು ಓದುವ ವಸತಿಶಾಲೆ. ಊಟದ ಹಾಲ್, ಆಟದ ಹಾಲ್, ಮಕ್ಕಳು ಮಲಗುವ ಉದ್ದುದ್ದ ಕಟ್ಟಡಗಳು. ಎಲ್ಲದರ ಮೇಲೂ ಹಳೆಯ ಸಿಮೆಂಟ್ ಶೀಟು. ಅದನ್ನೆಲ್ಲ ತೆಗೆದು ಹೊಸ ಸೂರು ಹಾಕಬೇಕಿತ್ತು. ಹೊಸದೆಂದರೆ ಬಿಳಿ ತಗಡಿನ ದಪ್ಪ ಹಲಗೆ, ಎರಡು ತಗಡಿನ ನಡುವೆ ಗಟ್ಟಿ ನೊರೆ ತುಂಬಿದ್ದು. ಮೇಲೆ ಬಿಸಿಲು ಎಷ್ಟೇ ಕಾದರೂ ಕೆಳಗೆ ತಂಪಂತೆ. ಕರೆಂಟು ಉಳಿಯುತ್ತದಂತೆ. ತುಕ್ಕು ಹಿಡಿಯುವುದಿಲ್ಲವಂತೆ. ಇಪ್ಪತ್ತೈದು ವರ್ಷ ಗ್ಯಾರಂಟಿಯಂತೆ. ಇಷ್ಟೆಲ್ಲ ಗುಣವಿದ್ದ ಮಾಲು ಲಾರಿಯಿಂದ ಇಳಿಯುವಾಗ ಮಾತ್ರ ನಮ್ಮ ಹೆಗಲ ಮೇಲೇ ಇಳಿಯಬೇಕಿತ್ತು.

"ಇಷ್ಟು ತಂಪು ಅಂದ್ರೆ ನಾವೂ ಒಂದು ತುಂಡು ತಲೆಗೆ ಕಟ್ಕೊಂಡು ಓಡಾಡೋಣ ಕಣೇ," ಎಂದಳು ಓರಗಿತ್ತಿ.

ಓರಗಿತ್ತಿ ನನ್ನ ಗಂಡನ ಅಣ್ಣನ ಹೆಂಡತಿ. ನಾವಿಬ್ಬರೂ ಕೆಳಗೆ ನಿಂತು ಶೀಟು ಹಿಡಿದುಕೊಳ್ಳುವವರು. ಭಾವ ಮತ್ತು ನನ್ನ ಗಂಡ ಮೇಲಿನವರು. ನನ್ನ ಗಂಡನನ್ನು ಎಲ್ಲರೂ ಬೆಕ್ಕು ಎಂದೇ ಕರೆಯುತ್ತಾರೆ. ಎಂಥ ಸೂರಿನ ಮೇಲೂ ಸದ್ದಿಲ್ಲದೆ ನಡೆಯುತ್ತಾನೆ. ಹಳೆಯ ಶೀಟಿನ ಮೇಲೆ ಕಂಡಲ್ಲಿ ಕಾಲಿಡುವ ಹಾಗಿಲ್ಲ. ಬೋಲ್ಟಿನ ಸಾಲು ಹಿಡಿದೇ ನಡೆಯಬೇಕು, ಅದರ ಕೆಳಗೆ ಕಬ್ಬಿಣ ಇರುತ್ತದೆ. ಸಾಲು ಬಿಟ್ಟು ಒಂದು ಹೆಜ್ಜೆ ಆಚೆ ಇಟ್ಟರೆ ಶೀಟಿನ ಸಮೇತ ಕೆಳಗೆ. ನನ್ನ ಅಪ್ಪ ಹೋದದ್ದು ಹಾಗೆಯೇ. ಅವನು ಬಿದ್ದ ಕಟ್ಟಡದ ಹೊಸ ಸೂರು ಆಮೇಲೆ ಬಹಳ ಚೆನ್ನಾಗಿ ಬಂತು ಎಂದು ನೋಡಿದವರು ಹೇಳುತ್ತಾರೆ.

ಬೋಲ್ಟುಗಳೆಲ್ಲ ತುಕ್ಕು ಹಿಡಿದು ಕೂತಿದ್ದವು. ಬೇರೆ ಕಡೆಯಾಗಿದ್ದರೆ ಸುತ್ತಿಗೆಯಿಂದ ಶೀಟು ಒಡೆದು ಕೆಳಗೆ ಬೀಳಿಸಿ ಮುಗಿಸುತ್ತಿದ್ದರು. ಇಲ್ಲಿ ಒಡೆಯುವ ಹಾಗಿಲ್ಲ. ಒಂದೊಂದು ಬೋಲ್ಟನ್ನೂ ಗರಗಸದಿಂದ ಕೊಯ್ಯಬೇಕು. ಮೇಲೆ ಕೊಯ್ದ ಹಾಗೆಲ್ಲ ಕೆಳಗೆ ನಮ್ಮ ಮೇಲೆ ಬೂದು ಧೂಳು ಸುರಿಯುತ್ತಿತ್ತು. ಕಣ್ಣಿಗೆ, ಬಾಯಿಗೆ, ರವಿಕೆಯೊಳಕ್ಕೆ. ಬೆವರಿಗೆ ಅಂಟಿ ಮೈಯೆಲ್ಲ ಕಡಿತ. ಕೆರೆದುಕೊಳ್ಳಲು ಕೈ ಬಿಡುವ ಹಾಗಿಲ್ಲ, ಕೈಯಲ್ಲಿ ಶೀಟಿನ ಹಗ್ಗ. ಸೆರಗನ್ನು ಮೂಗಿಗೆ ಕಟ್ಟಿಕೊಂಡರೆ ಉಸಿರು ಕಟ್ಟುತ್ತದೆ, ಬಿಚ್ಚಿದರೆ ಕೆಮ್ಮು. ಸಂಜೆ ಉಗುಳಿದರೆ ಉಗುಳೂ ಬೂದು.

ಶಾಲೆಯಿಂದ ಒಂದು ದಿನ ಹಳದಿ ಟೋಪಿ, ಕೈಗವಸು, ಮೂಗಿನ ಬಟ್ಟೆ ಬಂದವು. ಹಾಕಿಕೊಂಡು ಸಾಲಾಗಿ ನಿಂತೆವು. ಫೋಟೋ ಹೊಡೆದರು. ಫೋಟೋ ಮುಗಿದ ಮೇಲೆ ಎಲ್ಲವನ್ನೂ ಬಿಚ್ಚಿಸಿಕೊಂಡು ಹೋದರು. ಓರಗಿತ್ತಿ ಮೂಗಿನ ಬಟ್ಟೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ಅದನ್ನೂ ಬಿಡಲಿಲ್ಲ.

ಶಾಲೆ ಖಾಲಿ ಇತ್ತು. ಮಕ್ಕಳನ್ನೆಲ್ಲ ಮನೆಗೆ ಕಳಿಸಿದ್ದರು. ಅಷ್ಟು ಪಾಯಿಖಾನೆಗಳಿದ್ದವು, ಎಲ್ಲಕ್ಕೂ ಬೀಗ. ನಾವು ಹೆಂಗಸರು ಕಾಂಪೌಂಡಿನ ಆಚೆ ಪೊದೆಯ ಹಿಂದೆ ಹೋಗುತ್ತಿದ್ದೆವು, ಒಬ್ಬಳು ಕೂತರೆ ಇನ್ನೊಬ್ಬಳು ಕಾವಲು. ಗೇಟಿನ ಹತ್ತಿರ ಕಟ್ಟುತ್ತಿದ್ದ ನಾಯಿಯನ್ನೂ ಎಲ್ಲೋ ದೂರದ ಕಟ್ಟಡಕ್ಕೆ ಸಾಗಿಸಿದ್ದರು.

"ಮಕ್ಕಳನ್ನ ಯಾಕೆ ಕಳಿಸಿಬಿಟ್ರು?" ಎಂದು ಮೇಸ್ತ್ರಿಯನ್ನು ಕೇಳಿದೆ.

"ಸದ್ದಿಗೆ. ಆ ಮಕ್ಕಳಿಗೆ ಸದ್ದು ಆಗಿಬರಲ್ಲ."

"ನಾಯಿಗೂ ಆಗಿಬರಲ್ವಾ?"

"ನಿನ್ನ ಕೆಲಸ ಏನಿದೆಯೋ ಅದನ್ನ ನೋಡು. ತಲೆ ತಿನ್ಬೇಡ."

ನಾನು ನನ್ನ ಕೆಲಸ ನೋಡಿದೆ. ಆಗ ನನ್ನ ತಲೆಯಲ್ಲಿ ಇದ್ದದ್ದು ಒಂದೇ ವಿಷಯ, ನನ್ನ ಮನೆಯ ಸೂರು. ಹೋದ ಮಳೆಗಾಲದ ಗಾಳಿಗೆ ನಮ್ಮ ತಗಡು ಹಾರಿಹೋಗಿತ್ತು. ಅವತ್ತಿನಿಂದ ನೀಲಿ ಪ್ಲಾಸ್ಟಿಕ್ಕು, ಅದರ ಮೇಲೆ ಹಳೆಯ ಟಯರು. ಬಿಸಿಲಿಗೆ ಪ್ಲಾಸ್ಟಿಕ್ಕು ಅಲ್ಲಲ್ಲಿ ಹರಿದಿತ್ತು. ಮಳೆ ಮತ್ತೆ ಹತ್ತಿರ ಬಂದಿತ್ತು. ಒಳಗೆ ಒಲೆ ಒಂದು ಮೂಲೆಗೆ, ಅತ್ತೆ ಒಂದು ಮೂಲೆಗೆ, ಮಗಳು ನಮ್ಮಿಬ್ಬರ ನಡುವೆ. ಎಲ್ಲಿ ಸೋರುವುದಿಲ್ಲವೋ ಅಲ್ಲಿ ಮಲಗುವುದು, ಅದೇ ನಮ್ಮ ಮನೆಯ ನಕ್ಷೆ. ಅತ್ತೆ ಬೆಳಿಗ್ಗೆ ಎದ್ದರೆ ಮೊದಲು ಆಕಾಶ ನೋಡಿ ಬೈಯುತ್ತಿದ್ದಳು, ಆಮೇಲೆ ಮಗನನ್ನು.

ಊಟದ ಹಾಲಿನ ಶೀಟು ಅರ್ಧ ಇಳಿದಾಗ ಮೇಸ್ತ್ರಿ ಎಲ್ಲರನ್ನೂ ಕೂರಿಸಿಕೊಂಡ. ಬಾಯಿ ಕಿವಿಯವರೆಗೆ ಅಗಲಿಸಿದ್ದ.

"ನಿಮ್ಮ ಅದೃಷ್ಟ ತೆರೀತು ನೋಡ್ರಪ್ಪಾ. ಇಳಿಸಿದ ಶೀಟೆಲ್ಲ ನಿಮಗೇ ಅಂತೆ. ಪುಕ್ಕಟೆ. ಶಾಲೆಯ ಅಧ್ಯಕ್ಷರೇ ಹೇಳಿದ್ದಾರೆ. ಅದಕ್ಕೇ ನಾನು ಒಡೀಬೇಡಿ ಒಡೀಬೇಡಿ ಅಂತ ಬಡ್ಕೊಂಡಿದ್ದು."

ಆ ದಿನದ ಸಂತೋಷವನ್ನು ಏನೆಂದು ಹೇಳಲಿ. ನನ್ನ ಗಂಡ ಮೇಲೆ ಹತ್ತಿದವನು ಅವತ್ತು ಹಾಡಿಕೊಂಡೇ ಬೋಲ್ಟು ಕೊಯ್ದ. ನಾವು ಶೀಟುಗಳನ್ನು ಮೊಲೆಕೂಸಿನ ಹಾಗೆ ಹಿಡಿದು ಇಳಿಸಿದೆವು. ಬಿರುಕಿಲ್ಲದ್ದನ್ನು ಆರಿಸಿ ಹಾಲಿನ ಹಿಂದೆ ಒರಗಿಸಿದೆವು. ಓರಗಿತ್ತಿ ನನಗಿಂತ ಮೊದಲು ಒಳ್ಳೆಯದನ್ನೆಲ್ಲ ಎತ್ತಿಟ್ಟುಕೊಂಡಳು ಎಂದು ನಾನು ಅವಳ ಜೊತೆ ಎರಡು ದಿನ ಮಾತು ಬಿಟ್ಟೆ. ಆಮೇಲೆ ಅವಳೇ ಎರಡು ಒಳ್ಳೆಯ ಶೀಟು ನನ್ನ ಸಾಲಿಗೆ ತಂದು ಒರಗಿಸಿ, "ತಗೊಳೇ, ಮೂತಿ ಊದಿಸ್ಕೊಂಡಿದ್ದು ಸಾಕು," ಎಂದಳು.

ಹಳೆಯ ಶೀಟಿಗೆಲ್ಲ ಪಾಚಿ ಹತ್ತಿತ್ತು. ರಜೆಯ ದಿನ ಮನೆಮಂದಿಯೆಲ್ಲ ಹೋಗಿ ಉಜ್ಜಿದೆವು. ತೋಟದ ನಲ್ಲಿ ಮುಟ್ಟಬೇಡಿ ಎಂದ ಕಾವಲಿನವನು. ನೀರಿಲ್ಲದೆ ತಂತಿಬ್ರಷ್ಷಿನಲ್ಲಿ ಒಣಒಣ ಉಜ್ಜಿದೆವು. ಪಾಚಿಯ ಜೊತೆ ಶೀಟಿನ ಮೈಯೂ ಎದ್ದು ಬಂತು. ಧೂಳು ಹೊಗೆಯ ಹಾಗೆ ಏಳುತ್ತಿತ್ತು. ನನ್ನ ಮಗಳು ಯಾರೂ ಹೇಳದಿದ್ದರೂ ಒಂದು ಬ್ರಷ್ಷು ಹಿಡಿದುಕೊಂಡಳು. ಅವಳು ಮಲಗುವ ಜಾಗದ ಮೇಲೆ ಬರುವ ಶೀಟು ಯಾವುದು ಎಂದು ಅಪ್ಪನನ್ನು ಕೇಳಿ ಅದೊಂದನ್ನೇ ಉಜ್ಜಿದಳು. ಮಧ್ಯಾಹ್ನದ ಹೊತ್ತಿಗೆ ಅವಳ ಕೂದಲು, ರೆಪ್ಪೆ ಎಲ್ಲ ಬೆಳ್ಳಗಾಗಿದ್ದವು. ಗಿರಣಿಯ ಹಿಟ್ಟಿನಲ್ಲಿ ಹೊರಳಾಡಿ ಬಂದ ಹಾಗಿದ್ದಳು. ಎಲ್ಲರೂ ನಕ್ಕೆವು. "ನೋಡೇ, ನಿನ್ನ ಮಗಳು ನಿನಗಿಂತ ಮುಂಚೆ ಮುದುಕಿ ಆದ್ಲು," ಎಂದಳು ಅತ್ತೆ.

ಶಾಲೆಯ ಕಡೆಯ ಇಂಜಿನಿಯರ್ ಒಬ್ಬಳಿದ್ದಳು, ಚಿಕ್ಕ ವಯಸ್ಸಿನ ಹುಡುಗಿ. ಅವತ್ತು ಅತ್ತ ಬಂದವಳು ದೂರದಲ್ಲೇ ನಿಂತಳು. ಮೂಗಿಗೆ ಬಟ್ಟೆ ಕಟ್ಟಿದ್ದಳು. ನನ್ನ ಮಗಳನ್ನು ನೋಡಿದಳು. ಏನೋ ಹೇಳಲು ಒಂದು ಹೆಜ್ಜೆ ಮುಂದಿಟ್ಟಳು. ಆಮೇಲೆ ಫೋನು ಕಿವಿಗಿಟ್ಟುಕೊಂಡು ಹೊರಟುಹೋದಳು.

ಊಟದ ಹಾಲಿಗೂ ಆಟದ ಹಾಲಿಗೂ ಹೊಸ ಸೂರು ಬಂತು. ಮಕ್ಕಳು ಮಲಗುವ ಕಟ್ಟಡಗಳ ಹಳೆಯ ಶೀಟನ್ನೂ ಇಳಿಸಿ ಆಗಿತ್ತು. ಮೇಲೆ ಬರೀ ಕಬ್ಬಿಣ, ಹಲಗೆ ಹಾಕುವುದು ಬಾಕಿ. ಅಷ್ಟರಲ್ಲಿ ಸಮಾರಂಭ ಇಟ್ಟುಕೊಂಡರು. ತಂದೆತಾಯಿಗಳೆಲ್ಲ ಕಾರಿನಲ್ಲಿ ಬಂದರು. ನಮಗೆ ಮೈತೊಳೆದು ಒಳ್ಳೆ ಬಟ್ಟೆ ಹಾಕಿಕೊಂಡು ಬರಲು ಹೇಳಿದ್ದರು. ಊಟದ ಹಾಲಿನ ಒಳಗೆ ಪಕ್ಕದ ಗೋಡೆಗೆ ಸಾಲಾಗಿ ನಿಲ್ಲಿಸಿದರು. ಬೇಕಾದಷ್ಟು ಕುರ್ಚಿ ಖಾಲಿ ಇದ್ದವು, ಕೂರಿ ಎಂದು ಯಾರೂ ಹೇಳಲಿಲ್ಲ. ಒಳಗೆ ನಿಜವಾಗಿಯೂ ತಂಪಾಗಿತ್ತು. ವೇದಿಕೆಯ ಮೇಲೆ ಒಂದು ಹಳೆಯ ಶೀಟು ನಿಲ್ಲಿಸಿ ಕೆಂಪು ರಿಬ್ಬನ್ನು ಕಟ್ಟಿದ್ದರು. ಮೊದಲ ಶೀಟು ನಮ್ಮ ಮನೆಗೆ. ಬೆಕ್ಕಿನ ಕೆಲಸ ಮೆಚ್ಚಿ ಮೇಸ್ತ್ರಿ ನಮ್ಮ ಹೆಸರು ಕೊಟ್ಟಿದ್ದ. ಹೆಂಗಸು ತೆಗೆದುಕೊಂಡರೆ ಫೋಟೋ ಚೆನ್ನಾಗಿ ಬರುತ್ತದೆ ಎಂದು ನನ್ನನ್ನು ಮುಂದೆ ನಿಲ್ಲಿಸಿದ.

ಅಧ್ಯಕ್ಷರು ಎದ್ದರು. ಶುಭ್ರ ಬಟ್ಟೆ, ಮೆತ್ತಗಿನ ದನಿ.

"ಪೋಷಕ ಬಂಧುಗಳೇ, ಹಳೆಯ ಕಲ್ನಾರಿನ ಸೂರಿನ ಕೆಳಗೆ ನಮ್ಮ ಮಕ್ಕಳು ಇನ್ನು ಒಂದು ದಿನವೂ ಮಲಗಬಾರದು ಎಂದು ನಾವು ತೀರ್ಮಾನ ಮಾಡಿದೆವು. ಅದರ ಧೂಳು ಶ್ವಾಸಕೋಶಕ್ಕೆ ವಿಷ. ಕ್ಯಾನ್ಸರ್ ತರುವಂಥ ವಿಷ. ಅದನ್ನು ತೆಗೆಯುವಾಗ ಒಂದು ಮಗುವೂ ಈ ಆವರಣದಲ್ಲಿ ಇರಬಾರದೆಂದು ರಜೆ ಕೊಟ್ಟೆವು. ಇವತ್ತು ಆ ವಿಷವನ್ನು ನಮ್ಮ ಮಕ್ಕಳ ತಲೆಯ ಮೇಲಿಂದ ಇಳಿಸಿದ್ದೇವೆ."

ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಕರೆಂಟು ಎಷ್ಟು ಉಳಿಯುತ್ತದೆ, ಭೂಮಿಗೆ ಎಷ್ಟು ಒಳ್ಳೆಯದು ಎಂದು ಹೇಳಿದರು. ಆಮೇಲೆ ನಮ್ಮ ಕಡೆ ಕೈ ತೋರಿಸಿದರು.

"ಯಾವುದನ್ನೂ ಹಾಳು ಮಾಡಬಾರದು ಎನ್ನುವುದು ನಮ್ಮ ಸಂಸ್ಥೆಯ ಧ್ಯೇಯ. ಆದ್ದರಿಂದ ಇಳಿಸಿದ ಶೀಟುಗಳನ್ನೆಲ್ಲ ಈ ನಮ್ಮ ಶ್ರಮಿಕ ಬಂಧುಗಳ ಮನೆಗಳಿಗೆ ಉಚಿತವಾಗಿ ಕೊಡುತ್ತಿದ್ದೇವೆ."

ಮತ್ತೆ ಚಪ್ಪಾಳೆ. ಮೊದಲಿನದಕ್ಕಿಂತ ಜೋರಾಗಿ.

ನಾನು ಸುತ್ತ ನೋಡಿದೆ. ಯಾರ ಮುಖದಲ್ಲೂ ಏನೂ ಬದಲಾಗಿರಲಿಲ್ಲ. ಆ ಮಾತನ್ನೂ ಈ ಮಾತನ್ನೂ ಒಂದೇ ಬಾಯಿ ಆಡಿತ್ತು. ಅಷ್ಟು ಓದಿದವರು ಕೂತಿದ್ದರು, ಒಬ್ಬರಿಗೂ ಗಂಟಲಲ್ಲಿ ಏನೂ ಸಿಕ್ಕಿಕೊಳ್ಳಲಿಲ್ಲ. ನನಗೆ ಮಗಳ ಬೆಳ್ಳಗಿನ ರೆಪ್ಪೆ ಕಣ್ಣ ಮುಂದೆ ಬಂತು.

"ಹೋಗು ಹೋಗು," ಎಂದು ಮೇಸ್ತ್ರಿ ಬೆನ್ನಿಗೆ ತಿವಿದ.

ವೇದಿಕೆ ಹತ್ತಿದೆ. ಅಧ್ಯಕ್ಷರು ಒಂದು ಕೈಯಲ್ಲಿ ಶೀಟಿನ ರಿಬ್ಬನ್ನು ಹಿಡಿದು ಫೋಟೋದವನ ಕಡೆ ನಕ್ಕರು. ನಾನು ಕೈ ಚಾಚಲಿಲ್ಲ.

"ತಗೊಳ್ಳಿ ತಾಯಿ," ಎಂದರು.

"ಇದು ವಿಷ ಅಂದ್ರಲ್ಲ ಸಾರ್, ಈಗ."

"ಅದು… ಶಾಲೆ ಮಕ್ಕಳ ವಿಷಯಕ್ಕೆ ಹೇಳಿದ್ದು."

"ನನಗೂ ಮಗಳಿದ್ದಾಳೆ. ಅವಳು ಮಗು ಅಲ್ವಾ?"

ಅಧ್ಯಕ್ಷರ ನಗು ಇನ್ನೂ ಮುಖದಲ್ಲೇ ಇತ್ತು, ಅದನ್ನು ಎಲ್ಲಿಡಬೇಕೋ ಅವರಿಗೆ ತಿಳಿಯಲಿಲ್ಲ.

"ಹಾಗಲ್ಲ ತಾಯಿ. ಇದು ಗಟ್ಟಿ ಮಾಲು. ಇನ್ನೂ ಎಷ್ಟೋ ವರ್ಷ ಬಾಳುತ್ತೆ."

"ಬಾಳೋದು ಶೀಟಾ, ನಾವಾ? ಅಷ್ಟು ಗಟ್ಟಿ ಮಾಲಾದ್ರೆ ನಿಮ್ಮ ಹಾಲ್ ಮೇಲೇ ಇರ್ಲಿ. ಇಳಿಸಿದವರು ನಾವೇ, ವಾಪಸ್ ಹಾಕಿಕೊಡ್ತೀವಿ. ಕೂಲಿ ಬೇಡ."

ಮೇಸ್ತ್ರಿ ರಟ್ಟೆ ಹಿಡಿದು ಎಳೆದ. ಮುಂದಿನ ಸಾಲಿನ ಒಬ್ಬ ಹೆಂಗಸು ಪಕ್ಕದವಳಿಗೆ, "ಪಾಪ, ಇವರಿಗೆ ತಿಳಿಯಲ್ಲ," ಎಂದಳು. ನನಗೆ ಕೇಳಲಿ ಎಂದೇ ಹೇಳಿದಳೋ ಏನೋ. ನಾನು ತಿರುಗಿ, "ತಿಳೀತಮ್ಮಾ, ಈಗ ತಾನೇ ತಿಳೀತು," ಎಂದೆ. ಬಾಗಿಲು ದಾಟುವಾಗ ಹಿಂದೆ ಮತ್ತೆ ಮೈಕಿನ ಸದ್ದು ಕೇಳಿತು. ಓರಗಿತ್ತಿಯನ್ನು ಕರೆದಿದ್ದರು. ರಿಬ್ಬನ್ನು ಕಟ್ಟಿದ ಶೀಟು ಅವಳ ಕೈಗೆ ಹೋಯಿತು.

ಹೊರಗೆ ನನ್ನ ಗಂಡ ಬಾಯಿಗೆ ಬಂದ ಹಾಗೆ ಬೈದ.

"ನಿನ್ನ ಬಾಯಿಗೆ ಬೀಗ ಹಾಕೋಕೆ ಆಗಲ್ವಾ? ಮಳೆ ತಲೆ ಮೇಲಿದೆ. ಮನೆ ಮೇಲೆ ಏನು ಹಾಕ್ಲಿ, ನಿನ್ನ ಸೆರಗಾ?"

ಇಂಜಿನಿಯರ್ ಹುಡುಗಿ ಕಾರಿನ ಹತ್ತಿರ ನಿಂತಿದ್ದಳು. ನೇರ ಅವಳ ಮುಂದೆ ಹೋಗಿ ನಿಂತೆ. ಅವಳು ಅತ್ತಿತ್ತ ನೋಡಿದಳು.

"ಅವತ್ತು ನನ್ನ ಮಗಳು ಇದನ್ನ ಉಜ್ಜುವಾಗ ನೋಡಿದೆಯಲ್ಲಮ್ಮಾ. ಅವಳಿಗೆ ಏನಾಗುತ್ತೆ ಹೇಳು."

"ಒಂದು ದಿನಕ್ಕೆ ಏನೂ ಆಗದೇನೇ ಇರಬಹುದು ಅಕ್ಕಾ."

"ಆಗೋದಾದ್ರೆ?"

ಅವಳು ನೆಲ ನೋಡಿದಳು. "ಈಗ ಗೊತ್ತಾಗಲ್ಲ. ಇಪ್ಪತ್ತು ವರ್ಷ, ಮೂವತ್ತು ವರ್ಷ ಆದ್ಮೇಲೆ. ಒಳಗೆ ಹೋದ ಧೂಳು ಹೊರಗೆ ಬರಲ್ಲ. ಕೂತಿರುತ್ತೆ."

"ಮತ್ತೆ ನಮಗ್ಯಾಕೆ ಕೊಡ್ತೀರಿ?"

"ಸರಿಯಾಗಿ ವಿಲೇವಾರಿ ಮಾಡೋಕೆ ತುಂಬಾ ಖರ್ಚು. ಪ್ಲಾಸ್ಟಿಕ್‌ನಲ್ಲಿ ಸುತ್ತಿ ದೂರ ಒಯ್ದು ಹೂಳಬೇಕು. ನಾನು ಹೇಳ್ದೆ ಅಕ್ಕಾ, ಮೀಟಿಂಗಲ್ಲಿ. ನಿಜವಾಗ್ಲೂ ಹೇಳ್ದೆ."

"ನಮಗೆ ಹೇಳಲಿಲ್ಲವಲ್ಲ," ಎಂದೆ. ಅವಳ ಕಣ್ಣಲ್ಲಿ ನೀರು ಬಂತು. ನನಗೆ ಅವಳ ಮೇಲೆ ಕನಿಕರ ಹುಟ್ಟಲಿಲ್ಲ. ಹುಟ್ಟಬೇಕಿತ್ತೇನೋ. ಹುಟ್ಟಲಿಲ್ಲ.

ನನ್ನ ಗಂಡ ಹಿಂದೆ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದ. ಮನೆಗೆ ಬಂದು ಊಟಕ್ಕೆ ಕೂತವನು ತಟ್ಟೆ ಪಕ್ಕಕ್ಕೆ ತಳ್ಳಿದ. "ನಾನು ಅಲ್ಲಿ ಹಾಡ್ತಾ ಕೊಯ್ದೆ ಕಣೇ," ಎಂದ. ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೋದ, ಏಣಿ ಹತ್ತಲಿಲ್ಲ. ಶೀಟನ್ನೆಲ್ಲ ಶಾಲೆಯೇ ವಾಪಸ್ ತೆಗೆದುಕೊಂಡು ಹೂಳಬೇಕು, ಅಲ್ಲಿಯವರೆಗೆ ಹೊಸ ಹಲಗೆ ಮೇಲೆ ಹೋಗುವುದಿಲ್ಲ ಎಂದ. ಮಕ್ಕಳು ಮಲಗುವ ಕಟ್ಟಡಗಳಿಗೆ ಸೂರಿರಲಿಲ್ಲ. ಮೋಡ ಕಟ್ಟುತ್ತಿತ್ತು. ಕೆಲವರು ಬೆಕ್ಕಿನ ಜೊತೆ ಕೂತರು. ಭಾವ ತಲೆ ತಗ್ಗಿಸಿಕೊಂಡು ಏಣಿ ಹತ್ತಿದ.

ಓರಗಿತ್ತಿಯ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವಳ ಮನೆಯ ಮೇಲೆ ಆಗಲೇ ಶೀಟು ಕೂತಿತ್ತು. ಅವಳು ಕೇಳಿಸಿಕೊಂಡಳು.

"ಇಪ್ಪತ್ತು ವರ್ಷ ಆದ್ಮೇಲೆ ತಾನೆ?" ಎಂದಳು ಕೊನೆಗೆ. "ಮಳೆ ನಾಡಿದ್ದು ಬರುತ್ತೆ ಕಣೇ."

ಅವಳನ್ನು ಬೈಯಲು ಹೋದವಳು ಅವಳ ಮನೆಯ ಹೊಸ್ತಿಲ ಮೇಲೆ ಕೂತು ಅತ್ತು ಬಂದೆ.

ಶಾಲೆಯವರು ಕಾಯಲಿಲ್ಲ. ಎರಡೇ ದಿನದಲ್ಲಿ ಮೇಸ್ತ್ರಿ ಬೇರೆ ಎಲ್ಲಿಂದಲೋ ಇನ್ನೊಂದು ಗುಂಪನ್ನು ಲಾರಿಯಲ್ಲಿ ತಂದು ಇಳಿಸಿದ. ನಮ್ಮಂಥವರೇ. ಅದೇ ಬಣ್ಣಗೆಟ್ಟ ಬಟ್ಟೆ, ಅದೇ ಕಂಕುಳ ಕೂಸು, ಅದೇ ಪಾತ್ರೆಯ ಗಂಟು. ನಮ್ಮ ಕೇರಿಯ ಆಚೆಯ ಬಯಲಿನಲ್ಲಿ ಕೋಲು ನೆಟ್ಟು ಸೀರೆ ಕಟ್ಟಿಕೊಂಡರು. ಅವರ ಗಂಡಸರು ಏಣಿ ಹತ್ತಿದರು. ಬಿಳಿ ಹಲಗೆ ಒಂದೊಂದೇ ಮೇಲೆ ಹೋಯಿತು. ನಾವು ಬೇಡವೆಂದ ಶೀಟು ಅವರಿಗೆ ಎಂದು ಮೇಸ್ತ್ರಿ ಹೇಳಿದನಂತೆ. ನಮಗೆ ಇನ್ನು ಮುಂದೆ ಯಾವ ಕೆಲಸಕ್ಕೂ ಕರೆಯುವುದಿಲ್ಲ ಎಂದೂ ಹೇಳಿದನಂತೆ.

ಸಂಜೆ ನಮ್ಮ ಕೇರಿಯ ದಾರಿಯಲ್ಲಿ ಅವರ ಹೆಂಗಸರು ಶೀಟು ಹೊತ್ತು ಬಂದರು. ಮುಂದೆ ಒಬ್ಬಳು, ಇನ್ನೂ ಹುಡುಗಿ, ಬೆನ್ನಿಗೆ ಕೂಸು ಕಟ್ಟಿಕೊಂಡಿದ್ದಳು. ಹಿಂದೆ ಅವಳ ಅತ್ತೆಯಿರಬೇಕು. ಇಬ್ಬರ ತಲೆಯ ಮೇಲೂ ಒಂದೇ ಉದ್ದನೆಯ ಶೀಟು. ನಾನು ದಾರಿಯ ನಡುವೆ ನಿಂತೆ.

"ಅಕ್ಕಾ, ದಾರಿ ಬಿಡಿ. ಭಾರ ಇದೆ," ಎಂದಳು ಹುಡುಗಿ.

"ಇದನ್ನ ಒಯ್ಯಬೇಡ ತಾಯಿ. ಇದರ ಧೂಳು ವಿಷ. ಆ ಶಾಲೆಯವರೇ ಹೇಳಿದ್ದಾರೆ. ನಿನ್ನ ಕೂಸು ಇದರ ಕೆಳಗೆ ಮಲಗಬಾರದು."

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ನೀವೇ ಅಲ್ವಾ ಬೇಡ ಅಂದವರು? ಮೇಸ್ತ್ರಿ ಹೇಳ್ದ. ನಿಮ್ಮ ಮನೆಗೆ ಸೂರಿದೆ ಅಕ್ಕಾ, ಅದಕ್ಕೇ ಬೇಡ ಅಂದ್ರಿ. ನಮಗಿಲ್ಲ."

ನನ್ನ ಮನೆ ಅಲ್ಲೇ ಪಕ್ಕದಲ್ಲಿತ್ತು. ಕೈ ಎತ್ತಿ ತೋರಿಸಿದೆ. ಹರಿದ ಪ್ಲಾಸ್ಟಿಕ್ಕು ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿತ್ತು. ನನ್ನ ಗಂಡ ಟಯರಿನ ಮೇಲೆ ಇನ್ನೊಂದು ಕಲ್ಲು ಹೇರುತ್ತಿದ್ದ. ಬಾಗಿಲಲ್ಲಿ ಮಗಳು ಹಾಸಿಗೆಯ ಗಂಟು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಹುಡುಗಿ ನೋಡಿದಳು. ಬಹಳ ಹೊತ್ತು ನೋಡಿದಳು.

"ಯಾಕೆ ನಿಂತೆ? ನಡಿ," ಎಂದಳು ಹಿಂದಿನಿಂದ ಅವಳ ಅತ್ತೆ.

ಹುಡುಗಿ ನಡೆಯಲಿಲ್ಲ. ಶೀಟು ಇಳಿಸಲೂ ಇಲ್ಲ. ಅವಳ ಕತ್ತಿನ ನರ ಉಬ್ಬಿ ನಡುಗುತ್ತಿತ್ತು.

ಮಳೆ ಶುರುವಾಯಿತು. ಅವರ ತಲೆಯ ಮೇಲೆ ಶೀಟಿತ್ತು, ಅವರು ನೆನೆಯಲಿಲ್ಲ. ನಾನು ನೆನೆದೆ. ದಾರಿ ಬಿಡಲಿಲ್ಲ.